ಮುದ್ರೆಯ ಕೆಳಗಿನ ಪಟ್ಟಿ

ಪಡಸಾಲೆಯಲ್ಲಿ ಇನ್ನೊಂದು ಜಮಖಾನೆ ಹಾಸಿ ಎದ್ದು ನಿಂತ ರಘೂತ್ತಮ, ಇತ್ತೀಚೆಗೆ ಹತ್ತಿದ ಚಟದ ಪ್ರಕಾರ, ಎಡಗಡೆಯ ಎದೆಯನ್ನು ಬೆರಳ ತುದಿಯಿಂದ ಸವರಿಕೊಂಡ. ಒಣಗಿದ ಗೋಪೀಚಂದನ ಹುಡಿಹುಡಿಯಾಗಿ ಕೈಗೆ ಬಂತು. ಅಲ್ಲಿರಬೇಕಾಗಿದ್ದ ಪಟ್ಟಿ ಮಾತ್ರ ಇರಲಿಲ್ಲ. ಗಾಬರಿಯಲ್ಲಿ ಬಲಗಡೆಯನ್ನೂ ಸವರಿಕೊಂಡ, ಹೊಟ್ಟೆ ಮುಟ್ಟಿಕೊಂಡ, ಧೋತರದ ನಿರಿಗೆ ಕೊಡವಿದ, ಹೆಗಲ ಮೇಲಿನ ಶಲ್ಯ ತೆಗೆದು ಝಾಡಿಸಿದ. ತುಳಸಿಯ ಒಂದು ದಳ ಉದುರಿತು, ಅಷ್ಟೇ. ಮನೆ ತುಂಬ ಜನ. ಇಂದು ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಮಯೂರಿ ಎಂದು ಹೆಸರಿಡುವ ದಿನ. ನರಗುಂದದಿಂದ ಬೀಗರು ಎರಡು ಗಾಡಿ ಮಾಡಿಕೊಂಡು ಬಂದಿದ್ದರು, ದೇವರ ಮನೆಯಲ್ಲಿ ಆಚಾರ್ಯರ ಗಂಟೆ ನಡೆದಿತ್ತು, ಅಡುಗೆಮನೆಯಿಂದ ಹೂರಣದ ವಾಸನೆ ಬರುತ್ತಿತ್ತು. ಇಷ್ಟು ಜನರ ನಡುವೆ ಎಲ್ಲೋ ಒಂದು ಕಡೆ, ಯಾರ ಮೈಗೋ, ಯಾರ ಕಾಲಿನ ಕೆಳಗೋ, ಅವನ ಗುಟ್ಟು ಅಂಟಿಕೊಂಡು ಕುಳಿತಿತ್ತು.

ಅದು ಗಾಯಕ್ಕೆ ಹಚ್ಚುವ ಪಟ್ಟಿಯಲ್ಲ. ಅಂಟಿನೊಳಗೇ ಔಷಧವಿರುವ, ಮೈಬಣ್ಣದ, ಸಣ್ಣ ಬಿಸ್ಕೀಟಿನಷ್ಟಗಲದ ತೆಳು ಪಟ್ಟಿ. ಮುಂಜಾನೆ ಎದೆಗೆ ಹಚ್ಚಿಕೊಂಡರೆ ಔಷಧ ಚರ್ಮದಿಂದ ಮೆಲ್ಲಗೆ ಒಳಗಿಳಿದು ರಕ್ತನಾಳಗಳನ್ನು ಸಡಿಲಿಸುತ್ತದೆ. ಮಲಗುವಾಗ ತೆಗೆಯಬೇಕು, ಹಗಲೂ ರಾತ್ರಿ ಇದ್ದರೆ ಮೈಗೆ ರೂಢಿಯಾಗಿ ಔಷಧದ ಮಾತು ಕೇಳುವುದಿಲ್ಲ. ‘ಇದು ನೋವು ಬಂದ ಮ್ಯಾಲೆ ತಗೊಳ್ಳೂದಲ್ರಿ ಮಾಸ್ತರ, ನೋವು ಬರಲಾರದಂಗ ಕಾಯೂದು’ ಎಂದಿದ್ದರು ಗದಗಿನ ಡಾಕ್ಟರು. ‘ಮೊದಲ ಮೊದಲ ತಲಿ ನೋಯತದ. ಅಂಜಬ್ಯಾಡ್ರಿ, ಔಷಧ ಕೆಲಸಾ ಮಾಡ್ಲಿಕ್ಕತ್ತದ ಅಂತ ತಿಳೀರಿ. ಆದ್ರ ಒಂದು ಮಾತು. ಇದು ಮತ್ತೊಬ್ಬರ ಮೈಗೆ ಹತ್ತಬಾರದು. ಸಣ್ಣ ಮಕ್ಕಳಿಗಂತೂ ಬಿಲ್ಕುಲ್ ಹತ್ತಬಾರದು.’ ತಲೆನೋವಿನ ಮಾತು ಸುಳ್ಳಾಗಲಿಲ್ಲ. ಆ ವಾರ ಶಾಲೆಯ ಮೈದಾನದಲ್ಲಿ ಅವನು ಊದಿದ ಪ್ರತಿ ಸೀಟಿಯೂ ಅವನ ತಲೆಯೊಳಗೇ ಹೊಕ್ಕು ಕೂತಿತು. ಕೊನೆಗೆ ಸೀಟಿ ಬಿಟ್ಟು ಚಪ್ಪಾಳೆ ಹೊಡೆದು ಕವಾಯತು ಮಾಡಿಸಿದ. ಹುಡುಗರು ಸರಕಾರದಿಂದ ಹೊಸ ಪದ್ಧತಿ ಬಂದಿದೆಯೆಂದು ತಿಳಿದು ತಾವೂ ಚಪ್ಪಾಳೆ ಹೊಡೆದರು. ಆಮೇಲೆ ತಲೆನೋವು ಹೋಯಿತು. ಮೆಟ್ಟಿಲು ಹತ್ತುವಾಗ ಎದೆಯಲ್ಲಿ ಬರುತ್ತಿದ್ದ ಹಿಂಡುವ ನೋವೂ ಹೋಯಿತು. ಉಳಿದದ್ದು ಗುಟ್ಟೊಂದೇ.

ಗುಟ್ಟು ಯಾಕೆಂದರೆ ಅವನು ಪಿ.ಟಿ. ಮಾಸ್ತರ. ಗಜೇಂದ್ರಗಡದ ಅರ್ಧ ಊರು ಅವನ ಸೀಟಿಗೆ ಸಾಲು ನಿಂತು ಬೆಳೆದದ್ದು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನಾದವನು, ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟವನು, ಪೊಲೀಸನಾದವನು, ಎಲ್ಲರೂ ಅವನನ್ನು ಕಂಡೊಡನೆ ಹೊಟ್ಟೆ ಒಳಗೆಳೆದುಕೊಂಡು ‘ಎದಿ ಮುಂದ ಸರ್!’ ಎಂದು ನಗುತ್ತಾರೆ. ಆ ಎದೆಯೇ ಹೀಗೆ ಕೈಕೊಟ್ಟಿತೆಂದು ಯಾವ ಬಾಯಿಂದ ಹೇಳುವುದು? ಮೊದಲ ಸಲ ನೋವು ಬಂದದ್ದು ಗುಡ್ಡದ ಮೆಟ್ಟಿಲಲ್ಲಿ, ಎಂಟನೆಯ ಇಯತ್ತೆಯ ಮಕ್ಕಳನ್ನು ಕೋಟೆ ತೋರಿಸಲು ಕರೆದೊಯ್ದಾಗ. ಯಾರೋ ಎದೆಯ ಮೇಲೆ ಮೊಣಕಾಲೂರಿ ಕುಳಿತ ಹಾಗಾಯಿತು. ಅವನು ಬೂಟಿನ ದಾರ ಬಿಚ್ಚಿ ಕಟ್ಟುವ ನೆಪದಲ್ಲಿ ಮೆಟ್ಟಿಲ ಮೇಲೆ ಕುಳಿತ. ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಒಬ್ಬ ಹುಡುಗಿ ಹಿಂತಿರುಗಿ ಬಂದು, ‘ಸರ್, ನಾ ಕಟ್ಟಿಕೊಡ್ಲೇನ್ರಿ?’ ಎಂದು ಬಗ್ಗಿಯೇ ಬಿಟ್ಟಳು. ಆ ಹುಡುಗಿಯ ಎಣ್ಣೆ ಹಚ್ಚಿದ ಬೈತಲೆಯನ್ನು ನೋಡುತ್ತ, ತನ್ನ ಬೂಟನ್ನು ಆಕೆಯ ಕೈಯಲ್ಲಿ ಬಿಟ್ಟು ಕುಳಿತಾಗ ಆದ ಅವಮಾನ ಎದೆನೋವಿಗಿಂತ ಹೆಚ್ಚು ಹೊತ್ತು ಉಳಿಯಿತು. ಇಂದಿಗೂ ಬೂಟು ಹಾಕುವಾಗ ಅದು ಒಮ್ಮೆ ಹಾದುಹೋಗುತ್ತದೆ.

ಆದರೆ ಊರಿಗೆ ಅಂಜಿದ್ದು ಅರ್ಧ ಮಾತ್ರ. ಇನ್ನರ್ಧ ಅವ್ವ. ಭೀಮಾಬಾಯಿ ಎಂಬತ್ತು ದಾಟಿದ ಮುದುಕಿ, ಕೋಲಿನಂಥ ಮೈ, ಇನ್ನೂ ಮಡಿಯಲ್ಲಿ ತಾನೇ ನೈವೇದ್ಯಕ್ಕೆ ಅಡುಗೆ ಮಾಡುವಾಕೆ. ಒಂದು ಎದೆ ಹೋದದ್ದನ್ನು ಆಕೆ ನೋಡಿದ್ದಾಳೆ. ಅಪ್ಪ ರೋಣಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದವರು ಆನಿಸಿದ ಹಾಗೇ ಉಳಿದಿದ್ದರು. ಆಗ ರಘೂತ್ತಮನಿಗೆ ಮೀಸೆ ಚಿಗುರುತ್ತಿತ್ತು. ಅಪ್ಪನ ಎಲೆಅಡಿಕೆ ಸಂಚಿ ಗೂಟಕ್ಕೆ ತೂಗಿದ್ದು ತೂಗಿದ ಹಾಗೇ ಬಹಳ ದಿನ ಇತ್ತು. ಅಪ್ಪ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ಹೋದ ಮೇಲೂ ಯಾರೂ ಮುಟ್ಟಲಿಲ್ಲ. ಅವ್ವ ಅತ್ತದ್ದನ್ನು ಅವನು ನೋಡಲಿಲ್ಲ. ಮಡಿಯ ಸೀರೆ ಒಣಗಹಾಕುವ ಗಳದ ಹಿಂದೆ ನಿಂತು ಅಳುತ್ತಿದ್ದಳೋ ಏನೋ, ಗಳ ಮಾತ್ರ ಅಲುಗುತ್ತಿತ್ತು. ಈಗ ಮತ್ತೊಮ್ಮೆ ಆಕೆ ಮಗನ ಎದೆಗೆ ಕಿವಿಗೊಟ್ಟು ದಿನ ಕಳೆಯಬಾರದು ಎಂದು ಅವನು ನಿಶ್ಚಯಿಸಿದ್ದ. ಗೊತ್ತಿದ್ದದ್ದು ಹೆಂಡತಿ ಮಂದಾಕಿನಿಗೆ ಒಬ್ಬಳಿಗೇ. ಕೂದಲಿದ್ದರೆ ಪಟ್ಟಿ ಅಂಟುವುದಿಲ್ಲವೆಂದು ಡಾಕ್ಟರು ಹೇಳಿದ್ದಕ್ಕೆ ಆಕೆಯೇ ಕತ್ತರಿ ಹಿಡಿದು ಎಡ ಎದೆಯ ಕೂದಲನ್ನು ಕತ್ತರಿಸಿದ್ದಳು, ನಗು ತಡೆಯಲಾರದೆ ಕತ್ತರಿ ಅಲುಗಿ ಒಂದು ಕಡೆ ಸಣ್ಣಗೆ ಕೊಯ್ದೂ ಇತ್ತು. ‘ಸುಗ್ಗಿಗೆ ಕಣಾ ಮಾಡಿದಂಗ ಕಾಣಸ್ತದ ನೋಡ್ರಿ’ ಎಂದಿದ್ದಳು. ನಗುತ್ತಲೇ ಇದ್ದ ಆಕೆಯ ಕಣ್ಣು ಯಾವಾಗ ತುಂಬಿತೋ ಇಬ್ಬರಿಗೂ ತಿಳಿಯಲಿಲ್ಲ. ಪಟ್ಟಿಗಳ ಪೊಟ್ಟಣವನ್ನು ಅವನ ಬೂಟಿನ ಡಬ್ಬಿಯಲ್ಲಿ ಇಟ್ಟರು. ಚರ್ಮದ ಬೂಟಿನ ಹತ್ತಿರ ಅವ್ವನ ಕೈ ಹೋಗುವುದುಂಟೇ?

ಉಳಿದ ದಿನಗಳಲ್ಲಿ ಎಲ್ಲ ಸಸೂತ್ರ ನಡೆದಿತ್ತು. ಸ್ನಾನ, ಗೋಪೀಚಂದನದಲ್ಲಿ ಅದ್ದಿ ಮೈಗೆ ಒತ್ತಿಕೊಳ್ಳುವ ಶಂಖಚಕ್ರದ ಮುದ್ರೆ, ಪೂಜೆ. ಆಮೇಲೆ ಕೋಣೆಗೆ ಹೋಗಿ ಒರೆಸಿಕೊಂಡು ಪಟ್ಟಿ ಹಚ್ಚಿ ಮೇಲೆ ಅಂಗಿ. ಇಂದು ಅಂಗಿಯೇ ಇಲ್ಲ. ಪೂಜೆ, ತೊಟ್ಟಿಲು, ಊಟ ಎಲ್ಲ ಮುಗಿಯುವ ತನಕ ಬರಿಮೈ, ಮೇಲೊಂದು ಶಲ್ಯ. ‘ಇವತ್ತೊಂದಿನ ಬಿಟ್ರಾತು’ ಎಂದಿದ್ದ. ‘ಇವತ್ತ ನೀವು ಓಡಾಡೂದು ಭಾಳ ಅದ, ಇವತ್ತ ಬಿಡ್ತಾರ?’ ಎಂದು ಮಂದಾಕಿನಿ ಕಣ್ಣು ದೊಡ್ಡದು ಮಾಡಿದ್ದಳು. ಅದಕ್ಕೆ ಅವನಿಗೆ ಹೊಳೆದ ಉಪಾಯ ಇದು. ಗೋಪೀಚಂದನದ ಬಣ್ಣ, ಪಟ್ಟಿಯ ಬಣ್ಣ ಹೆಚ್ಚುಕಡಿಮೆ ಒಂದೇ. ಪಟ್ಟಿಯ ಮೇಲೆ ಒಂದಿಷ್ಟು ಗಂಧ ಸವರಿ ಶಂಖದ ಮುದ್ರೆ ಒತ್ತಿಬಿಟ್ಟರೆ ಸಾಕ್ಷಾತ್ ಆಚಾರ್ಯರೇ ಎದುರು ಕುಳಿತರೂ ಗೊತ್ತಾಗದು. ತನ್ನ ಬುದ್ಧಿಗೆ ತಾನೇ ಖುಷಿಯಾಗಿ ಬಚ್ಚಲಲ್ಲಿ ಒಂದು ಸೀಟಿಯನ್ನೂ ಹಾಕಿದ್ದ. ಆದರೆ ಸ್ನಾನ ಮುಗಿಸಿ ಬರುವುದರೊಳಗೆ ಅವ್ವ ಬಾಗಿಲಲ್ಲೇ ಮುದ್ರೆಯ ಪೆಟ್ಟಿಗೆ ಹಿಡಿದು ನಿಂತಿದ್ದಳು: ‘ಲಗೂ ಹಚ್ಕೋ, ಆಚಾರ್ರು ಬಂದ್ರು.’ ಆಕೆಯ ಎದುರೇ ಮೈತುಂಬ ಹಚ್ಚಿಕೊಳ್ಳಬೇಕಾಯಿತು. ಆಮೇಲೆ ಉಗ್ರಾಣಕ್ಕೆ ನುಗ್ಗಿ, ಒಣಗಿದ ಗಂಧದ ಮೇಲೆಯೇ ಪಟ್ಟಿ ಒತ್ತಿ, ಅದರ ಮೇಲೆ ಇನ್ನೊಂದು ಸಲ ಗಂಧ, ಇನ್ನೊಂದು ಸಲ ಶಂಖ. ಗೋಪೀಚಂದನ ಎಷ್ಟೆಂದರೂ ಮಣ್ಣು, ಅದರ ಮೇಲೆ ಅಂಟು ಎಷ್ಟು ಹೊತ್ತು ನಿಂತೀತು ಎಂಬ ವಿಚಾರ ಆಗ ಹೊಳೆಯಲಿಲ್ಲ. ಈಗ ಹೊಳೆಯುತ್ತಿದೆ, ಏನು ಬಂತು?

‘ಯಾಕೋ ತಲಿ ಸಿಡೀಲಿಕ್ಕತ್ತದ ನೋಡ್ರಿ ಬೀಗ್ರ’ ಎಂದರು ಜಮಖಾನೆಯ ಮೇಲೆ ಗೋಡೆಗೊರಗಿ ಕುಳಿತ ಪ್ರಾಣೇಶರಾಯರು, ಹಣೆ ಒತ್ತಿಕೊಳ್ಳುತ್ತ.

ರಘೂತ್ತಮ ತಟ್ಟನೆ ಅವರ ಕಡೆ ತಿರುಗಿದ. ಪ್ರಾಣೇಶರಾಯರು ಅಳಿಯನ ಅಪ್ಪ, ನರಗುಂದದ ವಕೀಲರು, ಹುಟ್ಟಿದಾರಭ್ಯ ದವಾಖಾನೆಯ ಮೆಟ್ಟಿಲು ಹತ್ತಿದವರಲ್ಲ. ಅದನ್ನು ದಿನಕ್ಕೊಮ್ಮೆ ಯಾರಿಗಾದರೂ ಹೇಳದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಗಾಡಿ ಇಳಿದು, ಕಾಲು ತೊಳೆದು, ಅಂಗಿ ಬಿಚ್ಚಿ ಶಲ್ಯ ಹೊದ್ದ ಮೇಲೆ ಇಬ್ಬರೂ ಅಪ್ಪಿಕೊಂಡಿದ್ದರು. ಬರಿಯ ಅಪ್ಪುಗೆಯಲ್ಲ, ಬೀಗರ ಅಪ್ಪುಗೆ. ಪ್ರಾಣೇಶರಾಯರು ಎದೆಗೆ ಎದೆ ತಾಗಿಸಿ ಬೆನ್ನ ಮೇಲೆ ಧಪಧಪ ಬಡಿದಿದ್ದರು. ಹಾಗಾದರೆ ಪಟ್ಟಿ ಅಲ್ಲಿದೆ! ಔಷಧ ವಕೀಲರ ಮೈಗೆ ಇಳಿಯುತ್ತಿದೆ, ಅದಕ್ಕೇ ತಲೆನೋವು. ಇನ್ನು ಅವರು ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬಂದು ತೊಟ್ಟಿಲ ಮೇಲೇ ಬಿದ್ದರೆ? ರಘೂತ್ತಮ ಮೊಣಕಾಲೂರಿ ಕುಳಿತು ಬೀಗರ ಎದೆಯನ್ನು ದಿಟ್ಟಿಸತೊಡಗಿದ. ನರಗುಂದದವರು ಮುದ್ರೆಯಲ್ಲಿ ಜಿಪುಣರಲ್ಲ. ಶಂಖ, ಚಕ್ರ, ಗದೆ, ಪದ್ಮ, ನಾರಾಯಣ ಎಲ್ಲ ಬೆವರಿಗೆ ಸ್ವಲ್ಪ ಸ್ವಲ್ಪ ಕದಡಿ ಒಂದರ ಮೇಲೊಂದು ಏರಿದ್ದವು. ಅದರಲ್ಲಿ ಯಾವುದು ಅವರದು, ಯಾವುದು ತನ್ನದು? ತನ್ನ ಶಂಖವನ್ನು ಗುರುತು ಹಿಡಿಯಬಹುದಿತ್ತು. ಅದು ಅಪ್ಪನ ಕಾಲದ ಮುದ್ರೆ, ಕೆಳತುದಿ ಮುರಿದು ಶಂಖ ಮೊಂಡಾಗಿ ಮೂಡುತ್ತದೆ. ಅವನು ಇನ್ನಷ್ಟು ಹತ್ತಿರ ಸರಿದ. ಪ್ರಾಣೇಶರಾಯರು ಮೊದಲು ತಮ್ಮ ಎದೆ ನೋಡಿಕೊಂಡರು, ಆಮೇಲೆ ರಘೂತ್ತಮನ ಮುಖ ನೋಡಿದರು, ಆಮೇಲೆ ಮೆಲ್ಲಗೆ ಶಲ್ಯವನ್ನು ಕುತ್ತಿಗೆಯ ತನಕ ಎಳೆದುಕೊಂಡರು.

‘ಏನಾತ್ರಿ?’

‘ಏನಿಲ್ಲ... ಏನಿಲ್ರಿ’ ಎಂದ ರಘೂತ್ತಮ. ಆದರೆ ಬಿಟ್ಟು ಹೋಗುವ ಹಾಗಿಲ್ಲ. ಜೀವದ ಪ್ರಶ್ನೆ. ‘ಭಾಳ ಸಂತೋಷ ಆತು ನೀವು ಬಂದದ್ದು’ ಎನ್ನುತ್ತ ಕುಳಿತವರನ್ನೇ ಬಾಚಿ ತಬ್ಬಿಕೊಂಡ. ಅಂಗೈಯಿಂದ ಅವರ ಎಡ ಎದೆ, ಬಲ ಎದೆ, ಪಕ್ಕೆ ಎಲ್ಲ ಸವರಿದ. ಗಂಧ, ಬೆವರು, ವಕೀಲರ ಸುಖವಾದ ಮೈ. ಪಟ್ಟಿ ಎಲ್ಲೂ ಇಲ್ಲ. ಪ್ರಾಣೇಶರಾಯರು ಉಸಿರು ಬಿಗಿಹಿಡಿದು ಕುಳಿತಿದ್ದರು. ಅವರ ಇಡೀ ವಕೀಲಿಯಲ್ಲಿ ಹೀಗೆ ಯಾರೂ ಅವರ ಮೈ ತಡವಿ ಝಡತಿ ಮಾಡಿರಲಿಕ್ಕಿಲ್ಲ.

‘ನನಗೂ ಸಂತೋಷನ ಆಗೇದ್ರಿ’ ಎಂದರು ಬಿಡಿಸಿಕೊಂಡು. ‘ಮುಂಜಾನಿಂದ ಚಹಾ ಕುಡದಿಲ್ಲ, ಅದಕ್ಕ ತಲಿ ಹಿಡದದ. ಇವತ್ತ ನೈವೇದ್ಯ ಆಗೂ ತನಕ ಬಾಯಾಗ ನೀರೂ ಹಾಕೂದಿಲ್ಲ ಅಂತ ಮನ್ಯಾಗ ಹೇಳಿ ಬಂದೀನಿ, ಸುಮ್ನ ಹೇಳಿದೆ. ನೈವೇದ್ಯಕ್ಕ ಇನ್ನೂ ಎಷ್ಟೊತ್ತಾಗಬಹುದ್ರಿ?’

ರಘೂತ್ತಮ ಎದ್ದ. ಬೀಗರಲ್ಲ. ಹಾಗಾದರೆ ಎದೆಗೆ ತಾಗಿದವರು ಇನ್ನು ಯಾರು? ಯೋಚನೆ ಪೂರ್ತಿಯಾಗುವ ಮೊದಲೇ ಉತ್ತರ ಬಂದು ಎದುರು ನಿಂತಿತು. ಕೂಸು. ಬೀಗರು ಬಂದ ಸ್ವಲ್ಪ ಹೊತ್ತಿಗೆ ಮೊಮ್ಮಗಳನ್ನು ಕುಂಚಿಗೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟಿದ್ದರು. ದೇವರಿಗೆ ತೋರಿಸಿ ತರುವುದು ಅಜ್ಜನ ಕೆಲಸ. ಎದೆಗವುಚಿಕೊಂಡೇ ಒಯ್ದಿದ್ದ. ಎಡಗಡೆಗೇ, ಎಲ್ಲರೂ ಹಿಡಿಯುವ ಹಾಗೆ. ಆ ಬಿಸಿ, ಹಾಲಿನ ವಾಸನೆ, ಹತ್ತಿಯ ಗಂಟಿನಷ್ಟೇ ಭಾರ, ಪುಟ್ಟ ಮುಷ್ಟಿ ಅವನ ಎದೆಯ ಗಂಧವನ್ನು ಕೆರೆದದ್ದು. ಆಗ ಅವನು ಎಂಥ ಸುಖದಲ್ಲಿದ್ದನೆಂದರೆ, ತನಗೆ ಒಂದು ಎದೆ ಇದೆ, ಅದು ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು ಎಂದುಕೊಂಡಿದ್ದ. ಆ ಮುಷ್ಟಿಯೊಳಗೆ ಪಟ್ಟಿ ಹೋಗಿದ್ದರೆ? ಕುಂಚಿಗೆಯ ಮಡಿಕೆಯಲ್ಲಿ ಸಿಕ್ಕಿ ಕೂಸಿನ ಕೆನ್ನೆಗೆ ಅಂಟಿದ್ದರೆ? ದೊಡ್ಡವನೊಬ್ಬನ ರಕ್ತನಾಳ ಸಡಿಲಿಸುವ ಔಷಧ ಆ ಅಂಗೈಯಗಲದ ಮೈಯನ್ನು ಏನು ಮಾಡೀತು? ಗುಟ್ಟು ಕಾಯಲಿಕ್ಕೆ ಹೋಗಿ ತಾನು ಏನು ಮಾಡಿಬಿಟ್ಟೆ! ಗುಟ್ಟು ಹಾಳಾಗಿ ಹೋಗಲಿ, ಊರ ಮಂದಿಯೆಲ್ಲ ಬಂದು ಎದೆ ನೋಡಿ ಹೋಗಲಿ, ಕೂಸೊಂದು ನೆಟ್ಟಗಿರಲಿ ಎಂದು ದೇವರ ಮನೆಯ ಕಡೆಗೆ ಕೈಮುಗಿದು, ಓಡಬಾರದೆಂದು ಡಾಕ್ಟರು ಹೇಳಿದ್ದನ್ನು ಮರೆತು, ಓಡಿದ.

ಬಾಣಂತಿಯ ಕೋಣೆಯಲ್ಲಿ ಮಗಳು ಅನಘಾ ಮಂಚದ ಮೇಲೆ ಕುಳಿತು ಮೊಬೈಲಿನಲ್ಲಿ ಮುಂಜಾನೆಯ ಫೋಟೋ ನೋಡುತ್ತಿದ್ದಳು. ಪಕ್ಕದಲ್ಲಿ ಕೂಸು ನಿದ್ದೆಯಲ್ಲಿತ್ತು. ಬಹಳ ಗಾಢ ನಿದ್ದೆ ಎನಿಸಿತು ರಘೂತ್ತಮನಿಗೆ. ಕೂಸುಗಳು ಇಷ್ಟು ಗಾಢವಾಗಿ ಮಲಗುತ್ತವೆಯೇ? ಅನಘಾ ಇಷ್ಟಿದ್ದಾಗ ಹೇಗೆ ಮಲಗುತ್ತಿದ್ದಳು? ನೆನಪಾಗಲಿಲ್ಲ; ಆಗೆಲ್ಲ ಅವನು ಜಿಲ್ಲಾ ಮಟ್ಟದ ಖೋಖೋ ತಂಡ ಕಟ್ಟುವುದರಲ್ಲಿದ್ದ.

‘ಎಷ್ಟೊತ್ತಾತು ಮಲಗಿ?’

‘ಈಗಷ್ಟ ಹಾಲು ಕುಡದು ಮಲಗೇದ. ಯಾಕ ಅಪ್ಪಾ, ಹಿಂಗ್ಯಾಕ ಬೆವತೀದಿ?’

‘ಫೋಟೋ ತೋರ್ಸಿಲ್ಲೆ’ ಎಂದ. ಅನಘಾಳ ಮುಖ ಅರಳಿತು. ಅಜ್ಜ ಕೂಸನ್ನೆತ್ತಿಕೊಂಡು ಪಡಸಾಲೆಯಲ್ಲಿ ನಿಂತ ಫೋಟೋ ತೆಗೆದು ಕೊಟ್ಟಳು. ರಘೂತ್ತಮ ಎರಡು ಬೆರಳಿನಿಂದ ಅದನ್ನು ಹಿಗ್ಗಿಸಿದ. ಕೂಸಿನ ಮುಖ ಹಿಗ್ಗಿ ಹಿಗ್ಗಿ ಪರದೆಯಿಂದ ಆಚೆ ಹೋಯಿತು. ಬಲ ಎದೆ ಬಂತು. ಚಕ್ರ ಸ್ಪಷ್ಟವಾಗಿತ್ತು. ಇನ್ನೂ ಸರಿಸಿದ, ಎಡ ಎದೆ ಬರಬೇಕಾದಲ್ಲಿ ಕೂಸಿನ ಕುಂಚಿಗೆ, ಕುಂಚಿಗೆಯ ಅಂಚಿಗೆ ಮಣಿಯ ಕುಚ್ಚು. ಮತ್ತೊಂದು ಫೋಟೋ. ಅದರಲ್ಲೂ ಕುಂಚಿಗೆ.

‘ಅಯ್ಯ ಅಪ್ಪಾ! ಕೂಸಿನ್ನ ಬಿಟ್ಟು ನಿನ್ನ ಎದೀನ ನೋಡ್ಕೋಳಿಕ್ಕತ್ತೀಯಲ್ಲ! ಛಂದ ಬಂದೀದಿ ಬಿಡು, ಎದಿ ಮುಂದನ ಅದ’ ಎಂದು ಮಗಳು ನಕ್ಕಳು.

ಅಷ್ಟರಲ್ಲಿ ಮಂದಾಕಿನಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು. ಗಂಡನ ಮುಖ ನೋಡಿದ್ದೇ ಅವಳಿಗೆ ಅರ್ಧ ತಿಳಿಯಿತು, ಎಡ ಎದೆ ನೋಡಿ ಉಳಿದರ್ಧವೂ. ತಟ್ಟೆ ಕೆಳಗಿಟ್ಟು ಕೂಸಿನ ಕುಂಚಿಗೆ ಬಿಚ್ಚತೊಡಗಿದಳು. ರಘೂತ್ತಮನೂ ಕೈ ಹಚ್ಚಿದ. ‘ಏನ್ ಮಾಡ್ತೀರಿ ಇಬ್ರೂ? ಈಗರೆ ಮಲಗೇದ!’ ಎಂದು ಅನಘಾ ಕೂಗಿದಳು. ‘ಕೆಂಪಿರಿವಿ ಹರಿದಾಡ್ಲಿಕ್ಕತ್ತಿತ್ತು’ ಎಂದಳು ಮಂದಾಕಿನಿ, ತಲೆಯೆತ್ತದೆ. ಕುಂಚಿಗೆ ಝಾಡಿಸಿದರು, ಝಬಲಾ ತೆಗೆದರು, ಕತ್ತು, ಕಂಕುಳು, ಕಿವಿಯ ಹಿಂದೆ ಎಲ್ಲ ನೋಡಿದರು. ಕೊನೆಗೆ ರಘೂತ್ತಮ ಆ ಪುಟ್ಟ ಮುಷ್ಟಿಗಳನ್ನು ಒಂದೊಂದೇ ಬೆರಳು ಬಿಡಿಸಿ ನೋಡಿದ. ಒಂದರಲ್ಲಿ ಸ್ವಲ್ಪ ಗಂಧದ ಹುಡಿ, ಮತ್ತೊಂದರಲ್ಲಿ ಏನೂ ಇಲ್ಲ. ಕೂಸು ಕಣ್ಣು ಬಿಟ್ಟು ಅಜ್ಜನನ್ನು ನೋಡಿ, ತುಟಿ ಸೊಟ್ಟ ಮಾಡಿ, ಮನೆ ಹಾರಿಹೋಗುವ ಹಾಗೆ ಅಳತೊಡಗಿತು. ಎಂಥ ಅಳು! ಮೈದಾನದ ಆಚೆ ತುದಿಗೂ ಕೇಳಿಸುವ ಸೀಟಿಯಂಥ ಅಳು. ರಘೂತ್ತಮನಿಗೆ ಅದರಷ್ಟು ಸುಖದ ಸಪ್ಪಳ ಜನ್ಮದಲ್ಲಿ ಕೇಳಿದ್ದಿಲ್ಲ ಎನಿಸಿ, ಅಲ್ಲೇ ಮಂಚದ ತುದಿಯಲ್ಲಿ ಕುಳಿತು ನಗತೊಡಗಿದ. ಮಂದಾಕಿನಿಯೂ ನಕ್ಕಳು. ಅನಘಾ ಇಬ್ಬರನ್ನೂ ನೋಡಿ ಕೂಸನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

‘ಎಲ್ಲಿ ಬಿತ್ರಿ ಹಂಗಾರ?’ ಎಂದಳು ಮಂದಾಕಿನಿ ಬಾಗಿಲ ಹೊರಗೆ ಬಂದು, ಪಿಸುಮಾತಿನಲ್ಲಿ.

‘ಗೊತ್ತಿಲ್ಲ.’

‘ಕಸದಾಗ ಹೋಗಿರಬೇಕು ಬಿಡ್ರಿ. ಹೊಸಾದು ಹಚ್ಕೋರಿ, ಹೋಗ್ರಿ. ಡಬ್ಬಿ ಗೊತ್ತದಲ್ಲ?’

ಆಗಲೇ ದೇವರ ಮನೆಯಿಂದ ಕೂಗು ಬಂತು. ‘ರಘೂ!’ ಅವ್ವನ ದನಿ. ‘ಒಬ್ಬನ ಬಾ ಇಲ್ಲೆ.’ ಚಿಕ್ಕಂದಿನಲ್ಲಿ ಆ ‘ಒಬ್ಬನ’ ಎಂಬ ಮಾತಿಗೆ ಯಾವಾಗಲೂ ಒಂದೇ ಅರ್ಥವಿತ್ತು. ಕದ್ದ ಬೆಲ್ಲ, ಹರಿದ ಅಂಗಿ, ಶಾಲೆಯಿಂದ ಬಂದ ದೂರು. ಐವತ್ತೊಂಬತ್ತರ ಮಾಸ್ತರ ಧೋತರ ಸರಿಪಡಿಸಿಕೊಂಡು ಹೊರಟ. ದಾರಿಯಲ್ಲಿ ಆಚಾರ್ಯರು ಎದುರಾದರು. ನೈವೇದ್ಯ ಬರುವ ತನಕ ಸ್ವಲ್ಪ ಗಾಳಿಗೆ ಕೂಡುತ್ತೇನೆಂದು ಪಡಸಾಲೆಗೆ ಹೊರಟಿದ್ದರು. ಪೂಜೆಗೆ ಮೊದಲು, ಕೂಸನ್ನು ಮಗಳ ಕೈಗೆ ಕೊಟ್ಟು ಮತ್ತೆ ದೇವರ ಮನೆಗೆ ಬಂದು ಸಾಷ್ಟಾಂಗ ಹಾಕಿದ್ದು ಅವನಿಗೆ ಈಗ ನೆನಪಾಯಿತು. ಪಿ.ಟಿ. ಮಾಸ್ತರನ ಸಾಷ್ಟಾಂಗ: ಎದೆ ನೆಲಕ್ಕೆ ಸರಿಯಾಗಿ ತಾಗಬೇಕು. ತಾಗಿತ್ತು.

ದೇವರ ಮನೆಯಲ್ಲಿ ಭೀಮಾಬಾಯಿ ಮಡಿ ಸೀರೆಯ ಸೆರಗು ಬಿಗಿದು ಗೋಡೆಯ ಪಕ್ಕ ನಿಂತಿದ್ದಳು. ಆಕೆಯ ಬೆರಳು ದೇವರ ಮಂಟಪದ ಕೆಳಮೆಟ್ಟಿಲ ಕಡೆ ತೋರಿಸುತ್ತಿತ್ತು. ಅಲ್ಲಿ ಒಂದು ಬಾಳೆ ಎಲೆಯ ಚೂರು. ಅದರ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಮೊಂಡು ಶಂಖ ಮುಖ ಮೇಲಾಗಿ. ಪಕ್ಕದಲ್ಲಿ ಒಂದು ತುಳಸಿ ದಳವನ್ನೂ ಇಟ್ಟಿದ್ದಳು.

‘ಇಲ್ಲೇ ನೆಲದ ಮ್ಯಾಲೆ ಬಿದ್ದಿತ್ತು. ಶಂಖಾ ಮೂಡೇದ, ಕಸಕ್ಕ ಹ್ಯಾಂಗ ಹಾಕ್ಲಿ? ಎಲಿ ತುದೀಲೆ ಎತ್ತಿ ಇಟ್ಟೆ’ ಎಂದಳು. ‘ನಮ್ಮ ಮನ್ಯಾಗ ಮೊಂಡ ಶಂಖಾ ಯಾರದು?’

‘ನಂದು’ ಎಂದ ರಘೂತ್ತಮ.

‘ಎದೀಗೆ ಹಚ್ಚೂ ಔಷಧ ಏನಿದು?’

ಅವನು ಹೌದೆಂದು ತಲೆಯಾಡಿಸಿದ. ಮಂದಾಕಿನಿ ಹೇಳಿದಳೇ ಎಂದು ಕೇಳಿದ.

‘ಅಕಿ ಹೇಳ್ತಾಳೇನು? ಅಕೀನೂ ನನ್ನಂಥಾಕಿ, ಬಾಯಿ ಬಿಡಂಗಿಲ್ಲ. ದಿನಾ ಪೂಜಾಕ್ಕ ಎದುರ ಕೂಡ್ತಿ, ಎದಿ ಮ್ಯಾಲೆ ಅಷ್ಟ ಜಾಗಾ ಬೋಳ ಕಾಣಸ್ತದ, ನಂಗ ಕಣ್ಣಿಲ್ಲೇನು? ಔಷಧ ಎಲ್ಲಿ ಇಟ್ಟೀದಿ? ಬೂಟಿನ ಡಬ್ಬ್ಯಾಗ, ನೀ ತಗಿಯೂದು ನೋಡೀನಿ. ದೇವರಂಥಾ ಔಷಧ, ಬೂಟಿನ ಡಬ್ಬ್ಯಾಗ ಇಡ್ತಾರೇನೋ?’

ರಘೂತ್ತಮನಿಗೆ ನಗು ಬಂತು. ಹಾಗಾದರೆ ಇಷ್ಟು ದಿನ ಅವ್ವನನ್ನು ಕಾಯುತ್ತೇನೆಂದು ಅವನು, ಅವನನ್ನು ಕಾಯುತ್ತೇನೆಂದು ಅವ್ವ. ‘ನೀ ಗಾಬರಿ ಆಗ್ತಿ ಅಂತ ಹೇಳ್ಲಿಲ್ಲವ್ವಾ’ ಎಂದ.

ಭೀಮಾಬಾಯಿ ನಂದಾದೀಪದ ಬತ್ತಿಯನ್ನು ಸ್ವಲ್ಪ ಮುಂದೆ ಸರಿಸಿದಳು. ‘ನಿಮ್ಮಪ್ಪನೂ ಇದನ್ನ ಅಂದ್ಕೊಂಡಿದ್ರು’ ಎಂದಳು. ‘ಅವರದು ಗುಳಿಗಿ ಇತ್ತು, ನಾಲಿಗಿ ಕೆಳಗ ಇಡೂದು. ಸಂಚ್ಯಾಗ, ಅಡಕಿ ಜೋಡಿ. ಗುಡ್ಡಾ ಹತ್ತೂ ಮುಂಚೆ ಒಂದು, ಬಾಂವಿ ನೀರು ಸೇದೂ ಮುಂಚೆ ಒಂದು. ನನಗ ಗೊತ್ತಿಲ್ಲ ಅಂತ ಅವರು ತಿಳದಿದ್ರು. ಗೊತ್ತದ ಅಂತ ನಾ ತೋರಸ್ಲಿಲ್ಲ. ಅವರ ಮರ್ಯಾದಿ ಹೋಗಬಾರದು ಅಂತ. ಆ ದಿನ ಬಸ್ಸಿಗೆ ಹೊತ್ತಾತು ಅಂತ ಸಂಚಿ ಇಲ್ಲೇ ಗೂಟಕ್ಕ ಬಿಟ್ಟು ಹೋದ್ರು. ನಾ ನೋಡಿದೆ. ಓಡಿ ಹೋಗಿ ಕೊಟ್ರ, ನನಗ ಗೊತ್ತದ ಅಂತ ಅವರಿಗೆ ಗೊತ್ತಾಗ್ತದಲ್ಲ, ಅಂತ ನಿಂತೆ.’

ಹೊರಗೆ ತೊಟ್ಟಿಲಿಗೆ ಹೂವು ಕಟ್ಟುವ ಹೆಂಗಸರ ನಗು ಕೇಳಿಸುತ್ತಿತ್ತು. ರಘೂತ್ತಮನಿಗೆ ಆ ಗೂಟ ಕಂಡಿತು, ತೂಗುತ್ತಿದ್ದ ಸಂಚಿ ಕಂಡಿತು, ಗಳದ ಹಿಂದೆ ಅಲುಗುತ್ತಿದ್ದ ಮಡಿ ಸೀರೆ ಕಂಡಿತು. ಇಷ್ಟು ವರ್ಷ ಆಕೆ ಯಾತಕ್ಕೆ ಅತ್ತಳೆಂದು ತಿಳಿದಿದ್ದನೋ ಅದಲ್ಲ, ಬೇರೆಯದೇ ಒಂದಕ್ಕೆ ಅತ್ತಿದ್ದಳು. ಅವನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ.

‘ಈಗ ಅಳಬ್ಯಾಡ, ಮನ್ಯಾಗ ತೊಟ್ಟಲಾ ಅದ’ ಎಂದಳು ಅವ್ವ, ಮೊದಲಿನ ದನಿಗೆ ಬಂದು. ‘ಹೊಸಾದು ತಂದು ಹಚ್ಕೋ. ಇಲ್ಲೇ, ನನ್ನ ಎದುರ. ಮೊದಲ ಗಂಧ ಒರಸು. ಮಣ್ಣಿನ ಮ್ಯಾಲೆ ಅಂಟು ಕೂಡತದೇನು? ಇಷ್ಟ ತಿಳೀಲಿಲ್ಲ, ಮಾಸ್ತರಕಿ ಬ್ಯಾರೆ ಮಾಡ್ತಾನ. ಮೊದಲ ಪಟ್ಟಿ, ಆಮ್ಯಾಲೆ ಮುದ್ರಿ.’

ಅವನು ಹಳೆಯ ಪಟ್ಟಿಯಿಂದ ಶಂಖವನ್ನು ನೀರಿನಿಂದ ತೊಳೆದು, ಮಡಚಿ, ಕಾಗದದಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ಹಾಕಿದ. ಕೈ ತೊಳೆದು ಹೊಸ ಪಟ್ಟಿ ತಂದ. ಅವ್ವ ದೂರ ನಿಂತು, ಮಡಿಯಲ್ಲಿದ್ದ ಕಾರಣ ಒಂದು ಮೊಳ ಅಂತರ ಬಿಟ್ಟು, ಅಡುಗೆ ಹೇಳಿಕೊಟ್ಟ ಹಾಗೆ ಹೇಳುತ್ತ ಹೋದಳು. ಒರಸು, ಇನ್ನೂ ಒರಸು, ಬೆವರು ತಗಿ, ಮಗ್ಗಲಕ್ಕ ಹಚ್ಚು, ಮುಂಜಾನಿ ಜಾಗಾ ಬಿಟ್ಟು. ರಘೂತ್ತಮ ಹಿಂದಿನ ಕಾಗದ ಸುಲಿದು ಪಟ್ಟಿಯನ್ನು ಎದೆಗಿಟ್ಟ. ಅಂಗೈಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು, ಆಗಲೇ ಅದು ಕೂಡುವುದು ಎಂದ. ಒತ್ತಿ ಹಿಡಿಯಲು ನೋಡಿದ. ಓಡಿದ್ದಕ್ಕೋ, ಕೂಸಿಗಾಗಿ ಅಂಜಿದ್ದಕ್ಕೋ, ಅಪ್ಪನ ಸಂಚಿಗೋ, ಕೈ ನಡುಗುತ್ತಿತ್ತು. ಪಟ್ಟಿಯ ಒಂದು ಮೂಲೆ ಮತ್ತೆ ಮತ್ತೆ ಏಳುತ್ತಿತ್ತು.

‘ಬಿಡು, ಕೈ ಸರಸು’ ಎಂದಳು ಭೀಮಾಬಾಯಿ. ಮುಂದೆ ಬಂದಳು. ಮಡಿಯಲ್ಲಿದ್ದಾಗ ಮಗನಿರಲಿ, ಮರಿಮಗಳನ್ನೂ ಮುಟ್ಟದ ಕೈ, ಹೂರಣದ ಬಿಸಿಗೆ ಕೆಂಪಾದ ಕೈ, ನೇರ ಬಂದು ಅವನ ಎದೆಯ ಮೇಲೆ ಕುಳಿತಿತು. ಒತ್ತಿ ಹಿಡಿದಳು. ರಘೂತ್ತಮ ಉಸಿರು ಬಿಗಿಹಿಡಿದ. ಎದೆ ತಾನಾಗಿ ಮುಂದೆ ಬಂತು, ಯಾವ ಸೀಟಿಯೂ ಇಲ್ಲದೆ. ಆ ಅಂಗೈಯ ಕೆಳಗೆ ತನ್ನ ಹೃದಯ ಬಡಿಯುವುದು ತನಗೇ ಕೇಳಿಸಿತು. ಆಕೆಗೂ ಕೇಳಿಸಿರಬೇಕು, ಸ್ವಲ್ಪ ಹೊತ್ತು ಎಂದದ್ದು ಬಹಳ ಹೊತ್ತಾಯಿತು, ಅವ್ವ ಕೈ ತೆಗೆಯಲಿಲ್ಲ.

‘ಚಲೋ ನಡದದ’ ಎಂದಳು ಕೊನೆಗೆ. ಶಂಖದ ಮುದ್ರೆ ಎತ್ತಿ ಗಂಧಕ್ಕೆ ಅದ್ದಿ ಪಟ್ಟಿಯ ಮೇಲೆ ತಾನೇ ಒತ್ತಿದಳು. ಮೊಂಡು ಶಂಖ ಹಸಿಹಸಿಯಾಗಿ ಮೂಡಿತು.

ಪಡಸಾಲೆಯಿಂದ ಪ್ರಾಣೇಶರಾಯರ ಸೋತ ದನಿ ಬಂತು: ‘ಬೀಗ್ರ, ನೈವೇದ್ಯ ಆತೇನ್ರಿ?’

‘ಮಂದಾಕಿನೀ, ಬಚ್ಚಲಕ್ಕ ಒಂದು ಕೊಡ ನೀರು ಹಾಕು, ನಾ ಮತ್ತ ಸ್ನಾನಾ ಮಾಡಬೇಕು’ ಎಂದು ಕೂಗಿದಳು ಭೀಮಾಬಾಯಿ, ಇಡೀ ಮನೆಗೆ ಕೇಳಿಸುವ ಹಾಗೆ.

ಮಂದಾಕಿನಿ ಗಾಬರಿಯಾಗಿ ಬಾಗಿಲಿಗೆ ಬಂದಳು. ‘ಅಯ್ಯ, ಯಾಕ್ರಿ ಅತ್ತಿಯವರ? ಮಡ್ಯಾಗ ಯಾರು ಮುಟ್ಟಿದ್ರಿ ನಿಮ್ಮನ್ನ?’

‘ಯಾರೂ ಮುಟ್ಟಿಲ್ಲ’ ಎಂದಳು ಅವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. ‘ನಾನ ಮುಟ್ಟೀನಿ.’